ಒಂದು ಮೊಳ ಹೂ, ಒಂದು ಪೀರಿಯಡ್: ವಿದ್ಯಾರ್ಥಿಗಳೇ ಚರ್ಚೆ ನಡೆಸುವಂತೆ ಮಾಡುವುದು ಹೇಗೆ?

ಡಿಗ್ರಿ ಕಾಲೇಜಿನ ಸೆಮಿನಾರ್ ಹೇಗಿರುತ್ತದೆ ಅಂತ ಪಾಠ ಮಾಡುವವರಿಗೆಲ್ಲ ಗೊತ್ತು. ಹುಡುಗ ಎದ್ದು ಬರುತ್ತಾನೆ, ಪೆನ್ ಡ್ರೈವ್ ಹಾಕುತ್ತಾನೆ. ಇಪ್ಪತ್ತೆರಡು ಸ್ಲೈಡು. ಒಂದೊಂದನ್ನೂ ಅಕ್ಷರ ಬಿಡದೆ ಓದುತ್ತಾನೆ. ಕೊನೆಯ ಸ್ಲೈಡಿನಲ್ಲಿ ಗುಲಾಬಿ ಹೂವಿನ ಪಕ್ಕ 'ಥ್ಯಾಂಕ್ ಯೂ'. ಮೇಷ್ಟ್ರು 'ಎನಿ ಡೌಟ್ಸ್?' ಅನ್ನುತ್ತಾರೆ. ಯಾರಿಗೂ ಡೌಟು ಇರುವುದಿಲ್ಲ. ಚಪ್ಪಾಳೆ. ಇಂಟರ್ನಲ್ ಮಾರ್ಕ್ಸ್ ಬಿತ್ತು.

ನಾನೂ ವರ್ಷಗಟ್ಟಲೆ ಹೀಗೇ ಮಾಡಿಸಿದವನು. ನನಗೆ ಬುದ್ಧಿ ಬಂದದ್ದು ಕಾಲೇಜಿನ ಕಾರಿಡಾರಿನಲ್ಲಿ.

ಫೈನಲ್ ಇಯರ್ ಬಿ.ಎ. ಓದುತ್ತಿದ್ದ ಒಬ್ಬಳು ಅರ್ಥಶಾಸ್ತ್ರದ ಪ್ರಾಜೆಕ್ಟಿಗೆ ಹೂವಿನ ಮೊಳವನ್ನು ಆರಿಸಿಕೊಂಡಿದ್ದಳು. ಮಾರ್ಕೆಟ್ ರಸ್ತೆಯಲ್ಲಿ ಕೂರುವ 11 ಜನ ಹೂವಿನವರ ಹತ್ತಿರ ತಲಾ ಒಂದು ಮೊಳ ಕಾಕಡ ಕೊಂಡಿದ್ದಳು. ಮನೆಗೆ ತಂದು ಟೇಪು ಹಿಡಿದು ಅಳೆದಿದ್ದಳು. ಅತಿ ಗಿಡ್ಡ ಮೊಳಕ್ಕೂ ಅತಿ ಉದ್ದ ಮೊಳಕ್ಕೂ ನಾಲ್ಕು ಬೆರಳು ವ್ಯತ್ಯಾಸ. ಬೆಲೆ ಮಾತ್ರ ಎಲ್ಲರದ್ದೂ ಒಂದೇ. ಎಷ್ಟು ಒಳ್ಳೆಯ ವಿಷಯ, ಅಲ್ವಾ? ಹನ್ನೆರಡು ನಿಮಿಷದಲ್ಲಿ ಎಲ್ಲವನ್ನೂ ಒಪ್ಪಿಸಿದಳು. ಕಾರಣ ಹೇಳಿದಳು, ತೀರ್ಮಾನ ಹೇಳಿದಳು, ಸಲಹೆಯನ್ನೂ ಹೇಳಿದಳು. ಕ್ಲಾಸು ತಣ್ಣಗೆ ಕೂತಿತ್ತು.

ಬೆಲ್ ಹೊಡೆದ ಮೇಲೆ ಹೊರಗೆ ಬಂದರೆ ಇಬ್ಬರು ಹುಡುಗರು ಜಗಳಕ್ಕೇ ಬಿದ್ದಿದ್ದರು. 'ಲೇ, ಅದು ಮೋಸ ಕಣೋ.' 'ಮೋಸ ಹೆಂಗಾಗುತ್ತೆ? ಅವರು ಕೊಸರು ಕೊಡಲ್ವಾ?' ಒಳಗೆ ಒಂದು ಗಂಟೆ ಬಾಯಿ ಬಿಡದವರು ಹೊರಗೆ ದನಿ ಏರಿಸಿ ಮಾತಾಡುತ್ತಿದ್ದರು. ಆ ಹುಡುಗಿಗೆ ಮಾತು ಬರುತ್ತಿತ್ತು, ವಿಷಯವೂ ಗೊತ್ತಿತ್ತು. ಆದರೆ ಎಲ್ಲವನ್ನೂ ತಾನೇ ಹೇಳಿ ಮುಗಿಸಿದ್ದಳು. ಉಳಿದವರಿಗೆ ಹೇಳಲು ಏನೂ ಉಳಿದಿರಲಿಲ್ಲ.

ಹದಿನೈದು ದಿನ ಬಿಟ್ಟು ಅವಳ ಕೈಲಿ ಅದೇ ವಿಷಯವನ್ನು ಮತ್ತೆ ಮಾಡಿಸಿದೆ. ಈ ಸಲ ಭಾಷಣ ಬೇಡ, ಚರ್ಚೆ ನಡೆಸು ಅಂದೆ. ಅಲ್ಲಿಂದ ಇಲ್ಲಿಯವರೆಗೆ ಕೈಗೆ ಹತ್ತಿದ ಕ್ರಮವನ್ನು ಕೆಳಗೆ ಬರೆದಿದ್ದೇನೆ.

ಪ್ರಾಜೆಕ್ಟ್ ಮುಗಿಯುವ ಮೊದಲೇ ದಿನ ಗೊತ್ತು ಮಾಡಿ

ಬೈಂಡ್ ಮಾಡಿಸಿದ ವರದಿ ಕೈಯಲ್ಲಿ ಹಿಡಿದ ವಿದ್ಯಾರ್ಥಿಗೆ ಚರ್ಚೆ ಬೇಕಾಗಿರುವುದಿಲ್ಲ. ಯಾರಾದರೂ ತಪ್ಪು ತೋರಿಸಿದರೆ ಅವನಿಗೆ ಅದು ಅವಮಾನ. ತಿದ್ದುವುದಕ್ಕೆ ಟೈಮೂ ಇಲ್ಲ. ಅದಕ್ಕೇ ಮಾಹಿತಿ ಅರ್ಧಕ್ಕಿಂತ ಜಾಸ್ತಿ ಸೇರಿದ್ದು, ಬರೆಯುವ ಕೆಲಸ ಇನ್ನೂ ಶುರುವಾಗದಿರುವಾಗ ಚರ್ಚೆ ಇಟ್ಟುಕೊಳ್ಳಿ. ಆಗ ಕ್ಲಾಸಿನವರು ಕೇಳಿದ್ದು ಅವನಿಗೆ ಉಪಯೋಗಕ್ಕೆ ಬರುತ್ತದೆ. ತಾನು ಹೇಳಿದ್ದರಿಂದ ಏನೋ ಬದಲಾಗುತ್ತದೆ ಅಂತ ಗೊತ್ತಾದರೆ ಕೇಳುವವರೂ ಮಾತಾಡುತ್ತಾರೆ.

ಎಲ್ಲ ಬಿಟ್ಟು ಒಂದೇ ಒಂದು ವಸ್ತು ತರಲು ಹೇಳಿ

ವಸ್ತು ಅಂದರೆ ನಿಜವಾಗಿ ಕೈಯಲ್ಲಿ ಹಿಡಿಯುವಂಥದ್ದು. ಒಂದು ಫೋಟೊ, ಒಂದು ಕೋಷ್ಟಕ, ಯಾರದೋ ಮಾತಿನ ಅರ್ಧ ಪುಟದ ಬರಹ, ಒಂದು ಹಳೇ ರಸೀದಿ. ಉಳಿದದ್ದೆಲ್ಲ ಬ್ಯಾಗಿನಲ್ಲೇ ಇರಲಿ.

ಇದು ಅವರಿಗೆ ಹೊಟ್ಟೆ ಉರಿಯುವ ಕೆಲಸ. ಮೂರು ತಿಂಗಳು ಬಿಸಿಲಲ್ಲಿ ಅಲೆದು ತಂದದ್ದನ್ನು ತೋರಿಸಬೇಡ ಅಂದರೆ ಯಾರು ಸುಮ್ನೆ ಇರುತ್ತಾರೆ? ಆದರೂ ಬಿಡಬೇಡಿ. ಇತಿಹಾಸದ ಹುಡುಗನೊಬ್ಬ ತನ್ನ ಊರಿನ ವೀರಗಲ್ಲಿನ ಮೇಲೆ ಪ್ರಾಜೆಕ್ಟ್ ಮಾಡಿದ್ದ. 'ವೀರಗಲ್ಲು ಎಂದರೇನು' ಎಂಬ ವ್ಯಾಖ್ಯೆಯಿಂದ ಶುರು ಮಾಡಿ, ಶಾಸನಗಳನ್ನು ಓದಿ ಸಂಗ್ರಹಿಸಿದ ಬಿ.ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಪುಟಗಳ ಪರಿಚಯ ಮಾಡಿ, ಆಮೇಲೆ ತನ್ನ ಕಲ್ಲಿಗೆ ಬರುವುದು ಅವನ ಲೆಕ್ಕ. ಕಲ್ಲಿಗೆ ಬರುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತಿತ್ತು. ನಾವು ಒಂದೇ ಫೋಟೊ ಉಳಿಸಿಕೊಂಡೆವು. ಕೆಳಗಿನ ಅಂಕಣದಲ್ಲಿ ಹೊಡೆದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಕಲ್ಲಿನ ಒಂದು ಮೂಲೆ ಮಾತ್ರ ಕನ್ನಡಿಯಂತೆ ನುಣ್ಣಗೆ. ಅವನು ಕೇಳಿದ್ದು ಇಷ್ಟೇ: 'ಈ ಮೂಲೆ ಯಾಕೆ ಹೀಗೆ ಸವೆದಿದೆ?' ಹಿಂದಿನ ಬೆಂಚಿನಿಂದ ಒಬ್ಬಳು 'ಬಟ್ಟೆ ಒಗೆದಿದಾರೆ' ಅಂದಳು. ನಿಜ. ಆ ಕಲ್ಲು ಕೆರೆಯ ದಂಡೆಯಲ್ಲಿ ಒಗೆಯುವ ಕಲ್ಲಾಗಿತ್ತು. ಅಲ್ಲಿಂದ ಮಾತು ಎಲ್ಲಿಗೆ ಹೋಗಿರಬಹುದು ನೀವೇ ಊಹಿಸಿ. ರೈಸ್ ಹೆಸರು ತಾನಾಗೇ ಬಂತು. 'ಇದನ್ನ ಯಾರೂ ಓದಿ ಬರೆದಿಟ್ಟಿಲ್ವಾ?' ಅಂತ ಒಬ್ಬ ಕೇಳಿದಾಗ.

ಪ್ರಶ್ನೆಯ ಮೇಲೆ ಒಂದು ವಾರ ಕೂರಿ

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದು. ಬೇರೆಯದಕ್ಕೆಲ್ಲ ಟೈಮಿಲ್ಲದಿದ್ದರೆ ಇದನ್ನೊಂದಾದರೂ ಮಾಡಿಸಿ.

ವಿದ್ಯಾರ್ಥಿಗಳು ಮೊದಲ ಸಲ ಬರೆದು ತರುವ ಪ್ರಶ್ನೆಗಳು ನಮ್ಮ ಪ್ರಶ್ನೆಪತ್ರಿಕೆಯ ಮಕ್ಕಳು. ಮೊಳದ ಹುಡುಗಿ ತಂದ ಪಟ್ಟಿಯ ಮೊದಲ ಸಾಲು: 'ಸಾಂಪ್ರದಾಯಿಕ ಅಳತೆಗಳ ಮಹತ್ವವನ್ನು ವಿವರಿಸಿ.' ಎರಡನೆಯದು: 'ಹೂವಿನ ವ್ಯಾಪಾರಿಗಳ ಸಮಸ್ಯೆಗಳಾವುವು?' ಇಂಥ ಪ್ರಶ್ನೆ ಕೇಳಿದರೆ ಕ್ಲಾಸು ತಲೆ ತಗ್ಗಿಸುತ್ತದೆ. ಯಾಕೆಂದರೆ ಇದಕ್ಕೆ ಸರಿ ಉತ್ತರ ಎಲ್ಲೋ ಇದೆ, ಅದು ನನಗೆ ಗೊತ್ತಿಲ್ಲ ಅಂತ ಎಲ್ಲರಿಗೂ ಅನ್ನಿಸುತ್ತದೆ.

ನಾನು ಮೂರು ಪರೀಕ್ಷೆ ಇಟ್ಟಿದ್ದೇನೆ. ಪ್ರಾಜೆಕ್ಟಿನ ಬಗ್ಗೆ ಏನೂ ಓದದವನೂ ತಂದ ವಸ್ತುವನ್ನು ನೋಡಿ ಉತ್ತರ ಹೇಳಬಲ್ಲನೇ? ಇಬ್ಬರು ಬುದ್ಧಿವಂತರು ಇದಕ್ಕೆ ಬೇರೆ ಬೇರೆ ಉತ್ತರ ಕೊಡಬಹುದೇ? ಕೇಳುವವಳಿಗೇ ಉತ್ತರ ಪೂರ್ತಿ ಗೊತ್ತಿಲ್ಲವೇ? ಮೂರನೆಯದರಲ್ಲಿ ಬಹಳ ಜನ ಫೇಲಾಗುತ್ತಾರೆ. ಉತ್ತರ ಗೊತ್ತಿದ್ದುಕೊಂಡೇ ಕೇಳಿದರೆ ಅದು ಕ್ವಿಜ್ ಆಗುತ್ತದೆ. ಕೇಳುವವರಿಗೂ ಅದು ವಾಸನೆ ಹೊಡೆಯುತ್ತದೆ.

ಐದು ಸಲ ತಿದ್ದಿದ ಮೇಲೆ ಅವಳ ಬಳಿ ಮೂರು ಪ್ರಶ್ನೆ ಉಳಿದವು. 'ಈ 11 ಜನರಲ್ಲಿ ನೀವು ಯಾರ ಹತ್ತಿರ ಹೂ ಕೊಳ್ಳುತ್ತೀರಿ, ಯಾಕೆ?' ಇದು ಬಾಗಿಲು ತೆರೆಯುವ ಪ್ರಶ್ನೆ. ಯಾರು ಬೇಕಾದರೂ ಹೇಳಬಹುದು. 'ಇದರಲ್ಲಿ ಮೋಸ ಇದೆಯಾ?' ಇದು ಜಗಳದ ಪ್ರಶ್ನೆ. ಕಾರಿಡಾರಿನಿಂದ ಎತ್ತಿಕೊಂಡದ್ದು. ಮೂರನೆಯದಕ್ಕೆ ಸ್ವಲ್ಪ ಓದು ಬೇಕಿತ್ತು. ನಮ್ಮ ದೇಶದಲ್ಲಿ 1956ರಲ್ಲಿ ತೂಕ ಅಳತೆಯ ಕಾಯ್ದೆ ಬಂತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕ ಬಳಕೆಗೆ ಬರತೊಡಗಿ, ಸೇರು, ಪಾವು, ಚಟಾಕು ಎಲ್ಲ ಕಾನೂನಿನ ಪುಸ್ತಕದಿಂದ ಹೋದವು. ಈಗಿರುವ 2009ರ ಕಾಯ್ದೆಯ ಪ್ರಕಾರವೂ ಮೀಟರು, ಕಿಲೋ, ಲೀಟರಿನಂಥ ಅಳತೆ ಅಥವಾ ಎಣಿಕೆ ಬಿಟ್ಟು ಬೇರೆ ಲೆಕ್ಕದಲ್ಲಿ ಬೆಲೆ ಹೇಳುವಂತಿಲ್ಲ. ಹಾಗಾದರೆ ಮೊಳ? ಅವಳ ಪ್ರಶ್ನೆ: 'ನಾಳೆ ತೂಕ ಅಳತೆ ಇಲಾಖೆಯವರು ಬಂದು ಮೊಳ ನಿಲ್ಲಿಸಿ ಅಂದರೆ, ಹೂವಿನವರ ಪರ ಯಾರು ಮಾತಾಡುತ್ತೀರಿ, ಏನು ಹೇಳುತ್ತೀರಿ?'

ಮೂರಕ್ಕಿಂತ ಜಾಸ್ತಿ ಪ್ರಶ್ನೆ ಬೇಡ. ಹತ್ತು ಪ್ರಶ್ನೆ ಬರೆದುಕೊಂಡವರು ಹತ್ತನ್ನೂ ಕೇಳಿ ಮುಗಿಸುವ ಆತುರದಲ್ಲಿ ಉತ್ತರವನ್ನೇ ಕೇಳಿಸಿಕೊಳ್ಳುವುದಿಲ್ಲ.

ತಾಲೀಮಿನಲ್ಲಿ ಸುಮ್ಮನಿರುವುದನ್ನು ಕಲಿಸಿ

ತಾಲೀಮಿಗೆ ಅದೇ ಕ್ಲಾಸಿನ ಗೆಳೆಯರನ್ನು ಕೂರಿಸಬೇಡಿ. ಬೇರೆ ವಿಭಾಗದ ಮೂರೋ ನಾಲ್ಕೋ ಜನ ಸಾಕು. ಕಾಮರ್ಸಿನವನಿಗೆ ಅರ್ಥವಾಗದ ಪ್ರಶ್ನೆ ನಿಮ್ಮ ಕ್ಲಾಸಿಗೂ ಅರ್ಥವಾಗುವುದಿಲ್ಲ.

ಇಲ್ಲಿ ಕಲಿಯಬೇಕಾದದ್ದು ಒಂದೇ: ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಂಗತಿ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಎಳೆದರೆ ಸಾಕು, ಉತ್ತರಗಳು ಉದ್ದವಾದವು, ಯಾವತ್ತೂ ಮಾತಾಡದ ಮಕ್ಕಳೂ ಬಾಯಿ ಬಿಟ್ಟರು. ಪ್ರಶ್ನೆ ಆದ ಮೇಲೆ ಕಾಯುವುದಷ್ಟೇ ಅಲ್ಲ, ಒಬ್ಬರು ಉತ್ತರ ಹೇಳಿ ನಿಲ್ಲಿಸಿದ ಮೇಲೂ ಕಾಯಬೇಕು ಅಂತ ಅವರು ತೋರಿಸಿದರು. ನಿಲ್ಲಿಸಿದವರು ಎಷ್ಟೋ ಸಲ ನಿಜವಾಗಿ ಮುಗಿಸಿರುವುದಿಲ್ಲ.

ಮುಂದೆ ನಿಂತವಳಿಗೆ ಮೂರು ಸೆಕೆಂಡ್ ಅಂದರೆ ಮೂರು ವರ್ಷ. ಅದಕ್ಕೊಂದು ಉಪಾಯ: ಕೈಯನ್ನು ಬೆನ್ನ ಹಿಂದೆ ಕಟ್ಟಿ ಒಂದೊಂದೇ ಬೆರಳು ಮಡಚುತ್ತಾ ಐದರವರೆಗೆ ಎಣಿಸಲಿ. ಕ್ಲಾಸಿಗೆ ಕಾಣುವುದಿಲ್ಲ.

ಇದರ ಜೊತೆ ನಾಲ್ಕು ಮಾತು ಬಾಯಿಗೆ ಬರುವಂತೆ ಮಾಡಿಸಿ. 'ಇನ್ನೂ ಸ್ವಲ್ಪ ಬಿಡಿಸಿ ಹೇಳ್ತೀಯಾ?' 'ಇದನ್ನ ಒಪ್ಪದವರು ಯಾರಾದ್ರೂ ಇದ್ದೀರಾ?' 'ನೀನು ಹೇಳಿದ್ದಕ್ಕೂ ಆಗ ಅವಳು ಹೇಳಿದ್ದಕ್ಕೂ ಏನು ವ್ಯತ್ಯಾಸ?' 'ಅದು ನನಗೆ ಗೊತ್ತಿಲ್ಲ, ಬರೆದುಕೊಳ್ತೀನಿ.' ಕೊನೆಯದನ್ನು ಹತ್ತು ಸಲ ಹೇಳಿಸಿ. ಗೊತ್ತಿಲ್ಲ ಅನ್ನಲು ನಮ್ಮ ಮಕ್ಕಳ ನಾಲಿಗೆ ಏಳುವುದೇ ಇಲ್ಲ. ಹಾಗೇ 'ಕರೆಕ್ಟ್', 'ವೆರಿ ಗುಡ್' ಅನ್ನುವುದನ್ನು ಬಿಡಿಸಿ. ಒಬ್ಬರಿಗೆ 'ಕರೆಕ್ಟ್' ಅಂದ ಕೂಡಲೇ ಉಳಿದವರು ಪೆನ್ನು ಮುಚ್ಚುತ್ತಾರೆ.

ಭಾಷೆಯ ವಿಷಯ. 'ಇಂಗ್ಲಿಷಲ್ಲೇ ಮಾತಾಡಬೇಕಾ ಸರ್?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ. ಹೂವಿನವರ ಜೊತೆ ಯಾವ ಭಾಷೆಯಲ್ಲಿ ಮಾತಾಡಿ ಬಂದಳೋ ಅದರಲ್ಲೇ ಚರ್ಚೆಯೂ ನಡೆಯಲಿ.

ಅರವತ್ತು ಜನ, ಅಲುಗದ ಬೆಂಚು

ದುಂಡಗೆ ಕೂರಿಸಿ ಅಂತ ಪುಸ್ತಕಗಳು ಹೇಳುತ್ತವೆ. ನಮ್ಮ ಬೆಂಚುಗಳನ್ನು ಆ ಪುಸ್ತಕ ಬರೆದವರು ನೋಡಿಲ್ಲ. ಬೆಂಚು ಅಲುಗದಿದ್ದರೆ ಒಂದು ಬಿಟ್ಟು ಒಂದು ಸಾಲಿನವರು ಹಿಂದಕ್ಕೆ ತಿರುಗಿ ಕೂರಲಿ. ನಾಲ್ಕಾರು ಜನರ ಗುಂಪು ತಾನಾಗೇ ಆಗುತ್ತದೆ. ಚರ್ಚೆ ನಡೆಸುವವಳು ವೇದಿಕೆಯಿಂದ ಇಳಿದು ಬೆಂಚುಗಳ ನಡುವೆ ನಿಲ್ಲಲಿ.

ಪ್ರಶ್ನೆಯನ್ನು ನೇರವಾಗಿ ಅರವತ್ತು ಜನಕ್ಕೆ ಎಸೆದರೆ ಮಾಮೂಲಿ ಮೂವರೇ ಮಾತಾಡುತ್ತಾರೆ. ಮೊದಲು ಒಂದು ನಿಮಿಷ ಒಬ್ಬೊಬ್ಬರೇ ಒಂದು ಸಾಲು ಬರೆಯಲಿ. ಆಮೇಲೆ ಎರಡು ನಿಮಿಷ ಪಕ್ಕದವರಿಗೆ ಹೇಳಲಿ. ಆಮೇಲೆ ಕ್ಲಾಸಿಗೆ. ಫ್ರ್ಯಾಂಕ್ ಲೈಮನ್ ಎಂಬವರು 1981ರಲ್ಲಿ ಹೇಳಿಕೊಟ್ಟ ವಿಧಾನ ಇದು. ಸರಳವಾದದ್ದು, ಆದರೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಇನ್ನೊಂದನ್ನು ನಾನು ಕಂಡಿಲ್ಲ. ಪಕ್ಕದವರಿಗೆ ಒಮ್ಮೆ ಹೇಳಿದ ಮಾತನ್ನು ಜೋರಾಗಿ ಹೇಳಲು ಅಷ್ಟು ಭಯವಾಗುವುದಿಲ್ಲ.

ಆ ದಿನ

55 ನಿಮಿಷದ ಪೀರಿಯಡ್. ಅವಳು ವಿಷಯ ಹೇಳಿದ್ದು ಐದೇ ನಿಮಿಷ. ಎಲ್ಲಿಗೆ ಹೋದೆ, ಏನು ಕೊಂಡೆ, ಹೇಗೆ ಅಳೆದೆ, ಇಷ್ಟೇ. ಕಾರಣವೂ ಇಲ್ಲ, ತೀರ್ಮಾನವೂ ಇಲ್ಲ. ಆಮೇಲೆ ಬಾಳೆ ಎಲೆಯಲ್ಲಿ ಸುತ್ತಿದ್ದ ಕಾಕಡದ ದಂಡೆ ತೆಗೆದಳು. ಕ್ಲಾಸಿಗೆಲ್ಲ ಘಮ್ಮನೆ ವಾಸನೆ. 'ನಿಮ್ಮ ನಿಮ್ಮ ಕೈಯಲ್ಲಿ ಒಂದು ಮೊಳ ಅಳೆದು, ಅಲ್ಲಿಗೊಂದು ದಾರ ಕಟ್ಟಿ' ಅಂತ ಆರು ಜನಕ್ಕೆ ಕೊಟ್ಟಳು. ಮೊಣಕೈಯಿಂದ ನಡುಬೆರಳಿನ ತುದಿಗೆ. ಒಬ್ಬ ಬೆರಳು ಮಡಚಿ ಅಳೆದ. 'ಏ, ಅದು ಮೊಳ ಅಲ್ಲ' ಅಂತ ಗಲಾಟೆ. ಆರು ದಾರ ಆರು ಕಡೆ. ಅವಳಿನ್ನೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

'ಕೈ ಉದ್ದ ಇದ್ದವರಿಗೆ ಲಾಸು' ಅಂದ ಒಬ್ಬ. 'ಲಾಸಾಗಲ್ಲ, ಅವರ ಹತ್ರ ಗಿರಾಕಿ ಜಾಸ್ತಿ' ಅಂದಳು ಇನ್ನೊಬ್ಬಳು. ಉಡುಪಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ, 'ನಮ್ಮಲ್ಲಿ ಮಲ್ಲಿಗೆಗೆ ಮೊಳ ಇಲ್ಲ, ಚೆಂಡು, ಅಟ್ಟೆ' ಅಂದಳು. ಶಂಕರಪುರದ ಮಲ್ಲಿಗೆಯಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇಷ್ಟು ಅಂತ ದಿನಾ ಬೆಲೆ ಹೊರಡುತ್ತದೆ. 'ಹಂಗಾದ್ರೆ ಅದು ಎಣಿಕೆ. ಅದು ಕಾನೂನಿಗೆ ಸರಿ, ನಮ್ದು ಮಾತ್ರ ತಪ್ಪಾ?' ಮೂರನೇ ಪ್ರಶ್ನೆಗೆ ಅವರೇ ಬಂದಿದ್ದರು.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದ. ಮೂರು ವರ್ಷದಲ್ಲಿ ಅವನ ದನಿಯನ್ನು ನಾನು ಹಾಜರಿ ಹೇಳುವಾಗ ಮಾತ್ರ ಕೇಳಿದ್ದು. 'ಉದ್ದ ಅಳೆದರೆ ಏನು ಬಂತು? ಒತ್ತಾಗಿ ಕಟ್ಟಿದ್ದಾರಾ, ಬಿಡಿಬಿಡಿಯಾಗಿ ಕಟ್ಟಿದ್ದಾರಾ ನೋಡ್ಬೇಕು. ನಮ್ಮಮ್ಮ ಹೂ ಕಟ್ಟುತ್ತೆ. ರೇಟು ಏರಿದ ದಿನ ಮೊಳ ಅಷ್ಟೇ ಇರುತ್ತೆ, ಹೂ ಕಮ್ಮಿ ಇರುತ್ತೆ.'

ಅವಳ ಮುಖ ಸಪ್ಪಗಾಯಿತು. 11 ಮೊಳ ಅಳೆದಿದ್ದಳು, ಒಂದರಲ್ಲೂ ಹೂ ಎಣಿಸಿರಲಿಲ್ಲ. ಇಡೀ ಪ್ರಾಜೆಕ್ಟಿನ ಬುಡಕ್ಕೇ ಬಂದ ಮಾತು ಅದು. ನಾನು ಹಿಂದೆ ಕೂತು 'ಆದರೂ ಅವಳ ಪ್ರಯತ್ನ...' ಅಂತ ಶುರು ಮಾಡಲು ಬಾಯಿ ತೆರೆದಿದ್ದೆ. ಅವಳು ಬೆನ್ನ ಹಿಂದೆ ಬೆರಳು ಮಡಚುತ್ತಿದ್ದದ್ದು ನನಗೆ ಕಾಣಿಸಿತು. ಬಾಯಿ ಮುಚ್ಚಿದೆ. ಐದು ಬೆರಳು ಆಯಿತು. 'ಅದನ್ನ ನಾನು ಎಣಿಸಿಲ್ಲ' ಅಂದಳು. 'ನಿಮ್ಮಮ್ಮನ್ನ ಮಾತಾಡಿಸಬಹುದಾ?'

ನೀವು ಎಲ್ಲಿ ಕೂರಬೇಕು?

ಹಿಂದೆ. ಕೊನೆಯ ಬೆಂಚಿನ ಗೋಡೆ ಪಕ್ಕ. ಮುಂದೆ ಕೂತರೆ ಮಾತಾಡುವವರೆಲ್ಲ ಅವಳನ್ನು ಬಿಟ್ಟು ನಿಮ್ಮ ಮುಖ ನೋಡುತ್ತಾರೆ. ನೀವು ತಲೆಯಾಡಿಸಿದಿರಾ, ಹುಬ್ಬು ಗಂಟಿಕ್ಕಿದಿರಾ, ಅದರ ಮೇಲೆ ಮಾತು ತಿರುಗುತ್ತದೆ. ಕೈಯಲ್ಲೊಂದು ಹಾಳೆ ಹಿಡಿದು ಬೆಂಚುಗಳ ನಕ್ಷೆ ಬರೆದುಕೊಳ್ಳಿ. ಯಾರು ಮಾತಾಡಿದರೋ ಅಲ್ಲಿಂದ ಮುಂದಿನವರಿಗೆ ಒಂದು ಗೆರೆ ಎಳೆಯಿರಿ. ಎಲ್ಲ ಗೆರೆಯೂ ಚರ್ಚೆ ನಡೆಸುವವಳಿಗೇ ಹೋಗಿ ಬರುತ್ತಿದ್ದರೆ ಅದಿನ್ನೂ ಪ್ರಶ್ನೋತ್ತರ. ಗೆರೆಗಳು ಬೆಂಚಿನಿಂದ ಬೆಂಚಿಗೆ ಹಾರತೊಡಗಿದರೆ ಚರ್ಚೆ ಶುರುವಾಗಿದೆ ಅಂತ. ಆಮೇಲೆ ಈ ಹಾಳೆಯನ್ನು ಅವಳಿಗೇ ಕೊಡಿ. ನೀವು ಹೇಳುವ ಹತ್ತು ಮಾತಿಗಿಂತ ಅದು ಚೆನ್ನಾಗಿ ಹೇಳುತ್ತದೆ.

ನೀವು ಮಧ್ಯೆ ಬರಬೇಕಾದ ಸಂದರ್ಭ ಒಂದೇ: ಯಾರದಾದರೂ ಜಾತಿ, ಮನೆ, ಬಡತನದ ಬಗ್ಗೆ ಕೊಂಕು ಬಂದಾಗ. ಆಗ ಕಾಯಬೇಡಿ.

ಊರಿನವರು ಕ್ಲಾಸಿನಲ್ಲೇ ಇರುತ್ತಾರೆ

ತಾಲ್ಲೂಕು ಕಾಲೇಜುಗಳಲ್ಲಿ ಇದು ದೊಡ್ಡ ವಿಷಯ. ವಿದ್ಯಾರ್ಥಿ ತನ್ನ ಹಳ್ಳಿಯ ನಲ್ಲಿ ನೀರಿನ ಮೇಲೋ, ಕೈಸಾಲದ ಮೇಲೋ ಪ್ರಾಜೆಕ್ಟ್ ಮಾಡಿರುತ್ತಾನೆ. ಅದೇ ಹಳ್ಳಿಯ ನಾಲ್ವರು ಎದುರಿಗೇ ಕೂತಿರುತ್ತಾರೆ. ಒಮ್ಮೆ ಒಬ್ಬ ಸ್ಲೈಡಿನಲ್ಲಿ ಸಾಲ ಮಾಡಿದ ಮನೆಯ ಫೋಟೊ ಹಾಕಿಬಿಟ್ಟ. ಹೆಸರು ಹಾಕಿರಲಿಲ್ಲ. ಆದರೆ ಮನೆಯ ಮುಂದಿನ ಹಸಿರು ಬಾಗಿಲು ಸಾಕಾಗಿತ್ತು. ಆ ಮನೆಯ ಹುಡುಗಿ ಎರಡನೇ ಬೆಂಚಿನಲ್ಲಿದ್ದಳು. ತಪ್ಪು ನನ್ನದು, ಮೊದಲೇ ನಾನು ನೋಡಬೇಕಿತ್ತು.

ಅಂದಿನಿಂದ ಕ್ಲಾಸಿಗೆ ತರುವ ವಸ್ತುವನ್ನು ಹಿಂದಿನ ದಿನ ನನಗೆ ತೋರಿಸಲೇಬೇಕು. ಮಾತಾಡಿಸಿದವರ ಹೆಸರು, ಓಣಿ, ಅಂಗಡಿ ಯಾವುದೂ ಗುರುತು ಸಿಗಬಾರದು. ಫೋಟೊ, ಧ್ವನಿಮುದ್ರಣ ಇದ್ದರೆ 'ಕಾಲೇಜಿನಲ್ಲಿ ತೋರಿಸಬಹುದಾ' ಅಂತ ಆ ಮನೆಯವರನ್ನೇ ಕೇಳಿ ಬಂದಿರಬೇಕು.

ಹೈಸ್ಕೂಲಿನವರಿಗೂ ಇದೆಲ್ಲ ಹೊಂದುತ್ತದೆ. ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ, 10ರಿಂದ 17 ವರ್ಷದ ಮಕ್ಕಳು ತಮ್ಮೂರಿನ ಸಮಸ್ಯೆಯ ಮೇಲೇ ಪ್ರಾಜೆಕ್ಟ್ ಮಾಡುತ್ತಾರೆ. ಅಲ್ಲಿ ತೀರ್ಪುಗಾರರ ಮುಂದೆ ಹೇಳುವುದಕ್ಕೆ ಮೊದಲು ತಮ್ಮ ಕ್ಲಾಸಿನಲ್ಲೇ ಹೀಗೊಂದು ಪೀರಿಯಡ್ ನಡೆಸಿದರೆ ಸಾಕು.

ಕೊನೆಯ ಐದು ನಿಮಿಷ, ಮತ್ತು ಮಾರ್ಕ್ಸು

ಚರ್ಚೆಯ ಕೊನೆಯಲ್ಲಿ 'ಸಾರಾಂಶ' ಹೇಳಿಸಬೇಡಿ. ಅದರ ಬದಲು ಚರ್ಚೆ ನಡೆಸಿದವರು ಬೋರ್ಡಿನ ಮೇಲೆ ಎರಡು ಸಾಲು ಬರೆಯಲಿ: ಇವತ್ತು ನನ್ನ ಯಾವ ಅಭಿಪ್ರಾಯ ಅಲುಗಾಡಿತು, ಮುಂದಿನ ವಾರದೊಳಗೆ ಏನು ಮಾಡುತ್ತೇನೆ. ಉಳಿದವರೆಲ್ಲ ಒಂದು ಚೀಟಿಯಲ್ಲಿ ತಮಗಿನ್ನೂ ಉಳಿದ ಒಂದು ಪ್ರಶ್ನೆ ಬರೆದು ಕೊಡಲಿ, ಹೆಸರು ಹಾಕದೆ. ಬಾಯಿ ಬಿಡದವರ ಒಳ್ಳೊಳ್ಳೆಯ ಪ್ರಶ್ನೆಗಳು ಈ ಚೀಟಿಗಳಲ್ಲೇ ಸಿಗುವುದು.

ಮಾರ್ಕ್ಸನ್ನು ಅವರು ಎಷ್ಟು ಮಾತಾಡಿದರು ಅನ್ನುವುದಕ್ಕೆ ಕೊಡಬೇಡಿ. ನಾನು 10ರಲ್ಲಿ 4 ಪ್ರಶ್ನೆಗಳಿಗೆ, 2 ಕೇಳಿಸಿಕೊಂಡ ರೀತಿಗೆ, ಉಳಿದ 4 ಚರ್ಚೆಯ ನಂತರ ಪ್ರಾಜೆಕ್ಟಿನಲ್ಲಿ ಏನು ಬದಲಾಯಿತು ಅನ್ನುವುದಕ್ಕೆ ಕೊಡುತ್ತೇನೆ. ಈ ಕೊನೆಯ ನಾಲ್ಕರಿಂದಲೇ ಅವರು ಚೀಟಿಗಳನ್ನು ಕಸದ ಬುಟ್ಟಿಗೆ ಹಾಕದೆ ಮನೆಗೆ ಒಯ್ಯುತ್ತಾರೆ.

ಮೊಳದ ಹುಡುಗಿ ಆ ಭಾನುವಾರ ಹಿಂದಿನ ಬೆಂಚಿನವನ ಮನೆಗೆ ಹೋಗಿ ಅವನ ಅಮ್ಮನ ಪಕ್ಕ ಕೂತು ಹೂ ಕಟ್ಟುವುದನ್ನು ನೋಡಿ ಬಂದಳು. ಮತ್ತೆ ಅದೇ 11 ಜನರ ಹತ್ತಿರ ಒಂದೊಂದು ಮೊಳ ಕೊಂಡಳು. ಬೈಂಡ್ ಆಗಿ ಬಂದ ವರದಿಯ ಕೋಷ್ಟಕದಲ್ಲಿ 'ಉದ್ದ'ದ ಪಕ್ಕ ಹೊಸದೊಂದು ಕಾಲಂ ಇತ್ತು: 'ಹೂವಿನ ಸಂಖ್ಯೆ'. ಒಂಬತ್ತು ಸಾಲು ತುಂಬಿತ್ತು, ಎರಡು ಖಾಲಿ. ಏನಮ್ಮ ಇದು ಅಂತ ಕೇಳಿದೆ. 'ಎಣಿಸೋಕೆ ಮೊದಲೇ ನನ್ನ ತಂಗಿ ಮುಡ್ಕೊಂಡು ಹೋಗಿಬಿಟ್ಳು ಸರ್' ಅಂದಳು.